ಕುಮಟಾ ಎಂಬ ಹೆಸರಿನ ಹತ್ತಿ

ಹೋದ ವರ್ಷದ ಕೊನೆಯಲ್ಲಿ ಪಶ್ಚಿಮ ಆಫ್ರಿಕದ ಮಾಲಿ ದೇಶದ ಆರ್ಥಿಕತೆ, ವ್ಯಾಪಾರಗಳ ಕುರಿತ ಬರಹವೊಂದನ್ನು ಕನ್ನಡಕ್ಕೆ ಮಾಡಿಕೊಡುವ ಕೆಲಸ ಬಂತು. ದೊಡ್ಡದೇನಲ್ಲ, ಹನ್ನೆರಡು ಪುಟ. ಆದರೆ ಮೊದಲ ವಾಕ್ಯದಲ್ಲೇ ‘ಲ್ಯಾಂಡ್‌ಲಾಕ್ಡ್’ ಎಂಬ ಮಾತು ಎದುರಾಗಿ ಕೈ ನಿಂತಿತು. ಮಾಲಿಯ ಸುತ್ತ ಏಳು ದೇಶಗಳಿವೆ. ಎತ್ತ ಹೊರಟರೂ ಇನ್ನೊಬ್ಬರ ನೆಲ ದಾಟದೆ ಕಡಲು ಸಿಗುವುದಿಲ್ಲ. ಇದನ್ನು ಕನ್ನಡದಲ್ಲಿ ಒಂದೇ ಮಾತಿನಲ್ಲಿ ಹೇಳುವುದು ಹೇಗೆ? ಭೂಆವೃತ, ಭೂಪರಿವೃತ, ಭೂಬಂಧಿತ ಅಂತ ಪಠ್ಯಪುಸ್ತಕಗಳು ಬರೆಯುತ್ತವೆ. ಭಾಷಾವಿಜ್ಞಾನ ಓದಿದವರಿಗೆ ಇಂಥ ಪದ ಕಂಡರೆ ಒಂದು ಕೆಟ್ಟ ಚಟ ಏಳುತ್ತದೆ. ಆವೃತ, ಪರಿವೃತ, ಬಂಧಿತ ಎಲ್ಲವೂ ಕರ್ಮಣಿ ಕೃದಂತಗಳೇ. ಕಟ್ಟಿಹಾಕಲ್ಪಟ್ಟದ್ದು ಇದೆ, ಕಟ್ಟಿಹಾಕಿದವರು ಪದದಲ್ಲಿಲ್ಲ. ನೆಲವೇ ನೆಲವನ್ನು ಕಟ್ಟಿಹಾಕಿದ ಹಾಗೆ, ದೇವರು ಕೊಟ್ಟ ಭೂಗೋಳದ ಹಾಗೆ ಅದು ಕೇಳಿಸುತ್ತದೆ.

ಹಾಗಲ್ಲ ಅನ್ನುವುದು ನನಗೆ ಹೊಳೆದದ್ದು ಮಾಲಿಯಿಂದಲ್ಲ, ಧಾರವಾಡದಿಂದ.

ಹತ್ತೊಂಬತ್ತನೆಯ ಶತಮಾನದ ಮುಂಬಯಿ ಮತ್ತು ಲಿವರ್‌ಪೂಲ್‌ ಪೇಟೆಗಳಲ್ಲಿ ‘ಕುಮ್ಟಾ’ ಎಂಬ ಹೆಸರಿನ ಹತ್ತಿ ಮಾರಾಟವಾಗುತ್ತಿತ್ತು. ಕುಮಟಾ ಉತ್ತರ ಕನ್ನಡದ ಕರಾವಳಿಯ ಊರು. ಅಲ್ಲಿ ತೆಂಗು, ಅಡಿಕೆ, ಭತ್ತ, ಮೀನು ಸಿಗುತ್ತವೆ, ಹತ್ತಿ ಬೆಳೆಯುವುದಿಲ್ಲ. ವರ್ಷಕ್ಕೆ ಆಳೆತ್ತರದ ಮಳೆ ಸುರಿಯುವ ಆ ಮಣ್ಣಿನಲ್ಲಿ ಹತ್ತಿ ನಿಲ್ಲುವುದೂ ಇಲ್ಲ. ಆ ಹತ್ತಿ ಬೆಳೆಯುತ್ತಿದ್ದದ್ದು ಘಟ್ಟದ ಮೇಲೆ, ಹುಬ್ಬಳ್ಳಿ, ನವಲಗುಂದ, ಗದಗ, ರೋಣದ ಎರೆಹೊಲಗಳಲ್ಲಿ. ರೈತರು ಅದನ್ನು ಜವಾರಿ ಹತ್ತಿ ಎನ್ನುತ್ತಿದ್ದರು. ಆದರೆ ಕೊಳ್ಳುವವನಿಗೆ ಕಂಡದ್ದು ಹೊಲವಲ್ಲ, ಅಂಡಿಗೆ ಹಡಗು ಹತ್ತಿದ ಬಂದರು. ಹೀಗಾಗಿ ಧಾರವಾಡದ ರೈತ ಬೆವರು ಸುರಿಸಿ ಬೆಳೆದ ಹತ್ತಿಗೆ ಅವನು ಬಹುಶಃ ಜನ್ಮದಲ್ಲಿ ನೋಡಿರದ ಊರಿನ ಹೆಸರು ಬಿತ್ತು. ಮುಂದೆ ಕೃಷಿ ವಿಜ್ಞಾನಿಗಳೂ ಆ ದೇಶಿ ತಳಿಯನ್ನು ಕುಮಟಾ ಅಂತಲೇ ಬರೆದುಕೊಂಡರು.

ಹುಬ್ಬಳ್ಳಿಯಿಂದ ಕುಮಟಾಕ್ಕೆ ಇವತ್ತಿನ ರಸ್ತೆಯಲ್ಲಿ ಸುಮಾರು 160 ಕಿಲೋಮೀಟರ್. ಮಾಲಿಯ ರಾಜಧಾನಿ ಬಮಾಕೊದಿಂದ ಡಾಕಾರ್‌ ಬಂದರಿಗೆ 1,200ಕ್ಕೂ ಹೆಚ್ಚು. ಹೋಲಿಸಿದರೆ ಧಾರವಾಡ ಕಡಲಿನ ಹಿತ್ತಲಲ್ಲೇ ಇದೆ. ಆದರೂ 1862ರವರೆಗೆ ಅದೊಂದು ಕಡಲಿಲ್ಲದ ನಾಡಾಗಿತ್ತು. ಅದನ್ನು ಹಾಗೆ ಮಾಡಿದ್ದು ಸಹ್ಯಾದ್ರಿಯಲ್ಲ.

1799ರಲ್ಲಿ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಬಿದ್ದಾಗ ಕೆನರಾ ಪ್ರಾಂತ ಈಸ್ಟ್ ಇಂಡಿಯಾ ಕಂಪನಿಯ ಪಾಲಾಯಿತು, ಮದರಾಸಿನ ಆಡಳಿತಕ್ಕೆ ಸೇರಿತು. ಕರಾವಳಿಯಷ್ಟೇ ಅಲ್ಲ, ಘಟ್ಟದ ಮೇಲಿನ ಸಿರಸಿ, ಯಲ್ಲಾಪುರ, ಹಳಿಯಾಳದ ಸೀಮೆಯೂ ಅದರ ಜೊತೆ ಹೋಯಿತು. ಧಾರವಾಡ ಆಗಿನ್ನೂ ಮರಾಠರ ಕೈಯಲ್ಲಿತ್ತು. 1818ರಲ್ಲಿ ಪೇಶ್ವೆ ಬಿದ್ದಾಗ ಅದೂ ಕಂಪನಿಗೆ ಬಂತು, ಆದರೆ ಸೇರಿದ್ದು ಮುಂಬಯಿಗೆ. ಎರಡು ಯುದ್ಧ, ಎರಡು ಲೂಟಿ, ಎರಡು ಲೆಕ್ಕದ ಪುಸ್ತಕ. ನಡುವೆ ಕಾಡಿನೊಳಗೆ ಒಂದು ಗೆರೆ. ತಮಾಷೆಯೆಂದರೆ ಎರಡೂ ಕಡೆ ಮೊದಲು ಆಡಳಿತ ಕೂರಿಸಿದವನು ಒಬ್ಬನೇ ಮನುಷ್ಯ, ಥಾಮಸ್ ಮನ್ರೋ. 1799ರಲ್ಲಿ ಕೆನರಾದ ಕಲೆಕ್ಟರನಾಗಿದ್ದವನೇ 1817-18ರಲ್ಲಿ ಧಾರವಾಡದ ಸೀಮೆಯನ್ನು ಗೆದ್ದು ವ್ಯವಸ್ಥೆ ಮಾಡಿದ. ಗೆರೆಯ ಆಚೀಚೆ ಒಂದೇ ಭಾಷೆಯ ಜನರಿದ್ದಾರೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಗೆರೆ ಮಾತ್ರ ಉಳಿಯಿತು.

(ಇದೇ 1799ರ ಹಂಚಿಕೆಯಲ್ಲಿ ಒಡೆಯರಿಗೆ ಮರಳಿಸಿದ ಮೈಸೂರಿಗೂ ಒಂದಂಗುಲ ಕರಾವಳಿ ಉಳಿಯಲಿಲ್ಲ. ನೂರು ವರ್ಷಕ್ಕೂ ಮೇಲೆ ದಿವಾನ್ ವಿಶ್ವೇಶ್ವರಯ್ಯನವರು ಭಟ್ಕಳದಲ್ಲಿ ಮೈಸೂರಿಗೊಂದು ಬಂದರು ಬೇಕು ಎಂದು ಹಂಬಲಿಸಿದ್ದರ ಮೂಲ ಇಲ್ಲಿದೆ. ಅದು ಇನ್ನೊಂದು ದಿನದ ಕಥೆ.)

ಗೆರೆಯ ಪರಿಣಾಮ ರಸ್ತೆಯ ಮೇಲಾಯಿತು. ಧಾರವಾಡದ ಕಲೆಕ್ಟರು ಮುಂಬಯಿ ಸರ್ಕಾರದ ದುಡ್ಡಿನಲ್ಲಿ ತನ್ನ ಜಿಲ್ಲೆಯ ಗಡಿಯವರೆಗೆ ರಸ್ತೆ ಮಾಡಬಹುದು. ಅಲ್ಲಿಂದ ಮುಂದಿನ ಕಾಡು, ಘಟ್ಟದ ಇಳಿಜಾರು, ಬಂದರು ಎಲ್ಲ ಮದರಾಸಿನವು. ಮದರಾಸಿಗೆ ಈ ಘಟ್ಟ ಇಳಿಸಿ ಆಗಬೇಕಾದ್ದೇನು? ಹತ್ತಿ ಇಳಿದರೆ ಅದು ಹೋಗುವುದು ಮುಂಬಯಿಗೆ, ಲಾಭ ಮುಂಬಯಿಯ ವ್ಯಾಪಾರಿಗಳಿಗೆ. ರಸ್ತೆಯ ಖರ್ಚು ಮಾತ್ರ ಮದರಾಸಿಗೆ. ಇದನ್ನು ಬರೆಯುವಾಗ ನಾನು ಅನುವಾದಿಸುತ್ತಿದ್ದ ಹನ್ನೆರಡು ಪುಟಗಳ ಒಂದು ಇಡೀ ಅಧ್ಯಾಯ ಕಣ್ಣ ಮುಂದಿತ್ತು. ಕಡಲಿಲ್ಲದ ದೇಶಗಳ ಸಂಕಟ ದೂರದ್ದಷ್ಟೇ ಅಲ್ಲ, ನಡುವಿನ ನೆಲದವನಿಗೆ ನಿಮ್ಮ ಸರಕು ದಾಟಿಸುವುದರಲ್ಲಿ ಆಸಕ್ತಿ ಇಲ್ಲದಿರುವುದು.

ಹತ್ತಿ ಇಳಿಯುತ್ತಿದ್ದ ಬಗೆಯನ್ನು ನೋಡಿ. ಜವಾರಿ ಹತ್ತಿಯನ್ನು ಬಿತ್ತುವುದು ಮುಂಗಾರಿನ ಕೊನೆಗೆ, ಬಿಡಿಸುವುದು ಫೆಬ್ರುವರಿಯಿಂದ ಏಪ್ರಿಲ್‌ವರೆಗೆ. ಆಮೇಲೆ ಹೆಂಗಸರು ಕಲ್ಲಿನ ಮೇಲೆ ಕಬ್ಬಿಣದ ಸರಳನ್ನು ಕಾಲಿನಿಂದ ಹೊರಳಿಸಿ ಕಾಳು ಬೇರೆ, ಅರಳೆ ಬೇರೆ ಮಾಡಬೇಕು. ಆಮೇಲೆ ಹೇರು. ಚಕ್ಕಡಿ ಹೋಗುವ ರಸ್ತೆ ಇಲ್ಲದ ಕಾಲದಲ್ಲಿ ಹೇರು ಹೊತ್ತದ್ದು ಎತ್ತಿನ ಬೆನ್ನು, ಎತ್ತು ಹೊಡೆದವರು ಲಂಬಾಣಿಗಳು. ಅಂಡಿಗೆಯ ಅರಳೆ ದಾರಿಯುದ್ದಕ್ಕೂ ಮುಳ್ಳುಕಂಟಿಗೆ ಸಿಕ್ಕು ಹರಿಯಬೇಕು, ಹೊಳೆ ದಾಟುವಾಗ ತೊಯ್ಯಬೇಕು, ಇಳಿಸಿದಲ್ಲೆಲ್ಲ ಧೂಳು ಕುಡಿಯಬೇಕು. ಜೂನ್ ಮೊದಲ ವಾರಕ್ಕೆ ಮಳೆ. ಕುಮಟಾ ಆಳವಿಲ್ಲದ, ಮರೆಯಿಲ್ಲದ ತೀರ. ಮಳೆಗಾಲದ ನಾಲ್ಕು ತಿಂಗಳು ಅಲ್ಲಿ ಪತ್ತೇಮಾರಿಗಳು ಸುಳಿಯುವುದಿಲ್ಲ. ಅಂದರೆ ಬಿಡಿಸಿ, ಕಾಳು ತೆಗೆದು, ಮಾರಿ, ಘಟ್ಟ ಇಳಿಸಿ, ಹಡಗು ಹತ್ತಿಸಲು ಇರುವುದು ಒಂದೆರಡು ತಿಂಗಳ ಸಂದು. ತಪ್ಪಿದರೆ ಸರಕು ದೀಪಾವಳಿಯವರೆಗೆ ಗುಡಿಸಲಿನಲ್ಲಿ ಬೂಸಲು ಹಿಡಿಯುತ್ತಾ ಕೂರಬೇಕು. ಇದು ರೈತನಿಗೂ ಗೊತ್ತು, ಸಾಹುಕಾರನಿಗೂ ಗೊತ್ತು. ಯಾರ ಅವಸರಕ್ಕೆ ಯಾರು ಬೆಲೆ ಕಟ್ಟುತ್ತಿದ್ದರು ಎಂದು ಬೇರೆ ಹೇಳಬೇಕಿಲ್ಲ.

ಎತ್ತುಗಳು ಖಾಲಿ ಬೆನ್ನಿನಲ್ಲಿ ಮರಳುತ್ತಿರಲಿಲ್ಲ. ಮೇಲೆ ಬರುವಾಗ ಹೇರು ಉಪ್ಪಿನದು. ಗೋಕರ್ಣದ ಬಳಿಯ ಸಾಣಿಕಟ್ಟೆಯ ಆಗರಗಳ ಉಪ್ಪು ಘಟ್ಟ ಹತ್ತಿ ಬಯಲುಸೀಮೆಯ ಅಡುಗೆಮನೆ ಸೇರುತ್ತಿತ್ತು. ಲಮಾಣಿ ಎಂಬ ಹೆಸರೇ ‘ಲವಣ’ದಿಂದ ಬಂತು ಎಂಬ ಮಾತು ಚಾಲ್ತಿಯಲ್ಲಿದೆ. ಹತ್ತಿ ಕೆಳಗೆ, ಉಪ್ಪು ಮೇಲೆ. ಇದೇ ಜೋಡಿ ಮಾಲಿಯ ಚರಿತ್ರೆಯಲ್ಲಿಯೂ ಇದೆ, ಹತ್ತಿಯ ಜಾಗದಲ್ಲಿ ಚಿನ್ನ. ಸಹಾರಾದ ಗಣಿಗಳಿಂದ ಹಲಗೆಯ ಹಾಗೆ ಕೊಯ್ದ ಉಪ್ಪು ಒಂಟೆಗಳ ಮೇಲೆ ಟಿಂಬಕ್ಟುವಿಗೆ ಬಂದು, ಅಲ್ಲಿಂದ ನೈಜರ್‌ ನದಿಯ ದೋಣಿಗಳಲ್ಲಿ ಒಳನಾಡಿಗೆ ಹೋಗುತ್ತಿತ್ತು. ಚಿನ್ನ ಉತ್ತರಕ್ಕೆ ಹೊರಡುತ್ತಿತ್ತು.

ಈ ಎರಡೂ ಕಡೆಯನ್ನು ಕಣ್ಣಾರೆ ಕಂಡು ಬರೆದ ಒಬ್ಬ ಪ್ರಯಾಣಿಕನಿದ್ದಾನೆ. ಮೊರೊಕ್ಕೊದ ಇಬ್ನ್ ಬತೂತ 1340ರ ದಶಕದಲ್ಲಿ ನಮ್ಮ ಹೊನ್ನಾವರದಲ್ಲಿದ್ದ. ಅಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆಗಳಿವೆ ಎಂದು ಅಚ್ಚರಿಯಿಂದ ಬರೆದ. ಆಮೇಲೆ ಮಾಲ್ಡೀವ್ಸ್‌ಗೆ ಹೋಗಿ ಕಾಜಿಯಾಗಿದ್ದ. 1352ರಲ್ಲಿ ಸಹಾರಾ ದಾಟಿ ಮಾಲಿಗೆ ಹೊರಟ, ದಾರಿಯಲ್ಲಿ ತಘಾಜಾದ ಉಪ್ಪಿನ ಗಣಿಗಳಲ್ಲಿ ಉಪ್ಪಿನ ಗಡ್ಡೆಗಳಿಂದಲೇ ಕಟ್ಟಿದ ಮನೆಗಳನ್ನು ಕಂಡ. ಅವನ ಒಂದು ಟಿಪ್ಪಣಿ ನನಗೆ ಬಹಳ ಇಷ್ಟ. ಮಾಲ್ಡೀವ್ಸ್‌ನಲ್ಲಿ ಒಂದು ಚಿನ್ನದ ದೀನಾರಿಗೆ ನಾಲ್ಕು ಲಕ್ಷ ಕವಡೆ ಸಿಗುತ್ತವೆ, ಅದೇ ಕವಡೆ ಮಾಲಿಯಲ್ಲಿ, ಗಾವೊದಲ್ಲಿ ದೀನಾರಿಗೆ 1,150ರಂತೆ ಮಾರುವುದನ್ನು ನೋಡಿದೆ ಎನ್ನುತ್ತಾನೆ. ಎರಡೂ ಕಡೆಯ ದೀನಾರು ಒಂದೇ ತೂಕದ್ದೆಂದು ಇಟ್ಟುಕೊಂಡರೆ ಮುನ್ನೂರೈವತ್ತು ಪಟ್ಟು. ಕಡಲೇ ಇಲ್ಲದ ನಾಡು ಹಿಂದೂ ಮಹಾಸಾಗರದ ಚಿಪ್ಪನ್ನು ನಾಣ್ಯ ಮಾಡಿಕೊಂಡಿತ್ತು, ಕಡಲದಂಡೆಯ ನಾವು ‘ಕವಡೆ ಕಾಸಿನ ಕಿಮ್ಮತ್ತಿಲ್ಲ’ ಎಂಬ ಗಾದೆ ಮಾಡಿಕೊಂಡೆವು. ಆ ಮುನ್ನೂರೈವತ್ತು ಪಟ್ಟು ಎಲ್ಲಿಂದ ಬಂತು? ಕವಡೆ ಬದಲಾಗಲಿಲ್ಲ. ದಾರಿಯ ಪ್ರತಿ ತಿರುವಿನಲ್ಲಿ ಒಬ್ಬೊಬ್ಬರು ತಮ್ಮ ಪಾಲು ತೆಗೆದುಕೊಂಡರು.

ಹತ್ತಿಯಲ್ಲಿ ಇದೇ ಲೆಕ್ಕ ತಿರುಗುಮುರುಗು. ಬೆಲೆ ನಿಗದಿಯಾಗುವುದು ಲಿವರ್‌ಪೂಲಿನಲ್ಲಿ. ಅಲ್ಲಿಂದ ಹಡಗಿನ ಬಾಡಿಗೆ, ಮುಂಬಯಿಯ ಪ್ರೆಸ್ಸು, ಪತ್ತೇಮಾರಿ, ಕುಮಟಾದ ದಲಾಲಿ, ಎತ್ತಿನ ಹೇರು, ದಾರಿಯಲ್ಲಿ ಸೋರಿದ್ದು, ಸಾಹುಕಾರನ ಬಡ್ಡಿ ಎಲ್ಲ ಕಳೆಯುತ್ತ ಬಂದು ಕೊನೆಗೆ ಉಳಿದದ್ದು ರೈತನ ಬೆಲೆ. ದಾರಿ ಕೆಟ್ಟಷ್ಟೂ ಉಳಿಕೆ ಸಣ್ಣದು. ದಾರಿ ಸುಧಾರಿಸಿದರೆ ಉಳಿಕೆ ಬೆಳೆಯಬೇಕು. ಬೆಳೆಯಿತೇ ಎನ್ನುವುದು ಮುಂದಿನ ಪ್ರಶ್ನೆ.

ಮ್ಯಾಂಚೆಸ್ಟರಿಗೆ ಧಾರವಾಡದ ಮೇಲೆ ಕಣ್ಣು ಬಿದ್ದದ್ದು 1840ರ ದಶಕದಲ್ಲಿ. ಅದರ ಗಿರಣಿಗಳಿಗೆ ಬರುವ ಹತ್ತಿಯಲ್ಲಿ ಸುಮಾರು ಮುಕ್ಕಾಲು ಪಾಲು ಅಮೆರಿಕದ ಗುಲಾಮರು ಬೆಳೆದದ್ದು. ಒಂದೇ ದೇಶವನ್ನು ನಂಬಿದ ಭಯದಿಂದ ಕಂಪನಿ ಸರ್ಕಾರ 1840ರಲ್ಲಿ ಅಮೆರಿಕದಿಂದ ಹತ್ತಿ ಬೆಳೆಗಾರರನ್ನೇ ಸಂಬಳ ಕೊಟ್ಟು ಕರೆತಂದಿತು. ಬೇರೆ ಬೇರೆ ಜಿಲ್ಲೆಗಳಲ್ಲಿ ಅವರ ಪ್ರಯೋಗ ಸೋತರೂ ಧಾರವಾಡದಲ್ಲಿ ಗೆದ್ದಿತು. ಕಲೆಕ್ಟರ್ ಶಾ ಹುರುಪಿನಿಂದ ನ್ಯೂ ಆರ್ಲಿಯನ್ಸ್ ಬೀಜ ಹಂಚಿದ, ಮರ್ಸರ್ ಎಂಬ ಅಮೆರಿಕನ್ ಹುಬ್ಬಳ್ಳಿಯ ಹತ್ತಿರದ ಕುಸುಗಲ್ಲಿನಲ್ಲಿ ಪ್ರಯೋಗದ ಹೊಲ ಮಾಡಿದ. ರೈತರು ಈ ಹೊಸ ಬೆಳೆಗೆ ವಿಲಾಯತಿ ಹತ್ತಿ ಎಂದರು, ಪೇಟೆ ‘ಧಾರವಾಡ್-ಅಮೆರಿಕನ್’ ಎಂದಿತು. ಇಡೀ ಪಶ್ಚಿಮ ಭಾರತದಲ್ಲಿ ಅಮೆರಿಕದ ಹತ್ತಿ ನೆಲೆ ನಿಂತ ಸೀಮೆ ಇದೊಂದೇ ಎನ್ನಬಹುದು. ಇದರ ನೂಲು ಕಾಲಿನ ಸರಳಿಗೆ ಬಗ್ಗುವುದಿಲ್ಲ, ಗರಗಸದ ಹಲ್ಲಿನ ಜಿನ್ನು ಬೇಕು. ಅದಕ್ಕೆಂದು ಧಾರವಾಡದಲ್ಲಿ ಸರ್ಕಾರಿ ಜಿನ್ ಕಾರ್ಖಾನೆಯೇ ಬಂತು. ಹೊಲ ಸಿದ್ಧ, ಬೀಜ ಸಿದ್ಧ, ಯಂತ್ರ ಸಿದ್ಧ. ಇಳಿಯುವ ದಾರಿ ಮಾತ್ರ ಮದರಾಸಿನ ಕಚೇರಿಯಲ್ಲಿ ಕಡತವಾಗಿ ಮಲಗಿತ್ತು.

1860ರಲ್ಲಿ ಮ್ಯಾಂಚೆಸ್ಟರ್ ಕಾಟನ್ ಕಂಪನಿ ಹುಟ್ಟಿತು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಆರಂಭವಾಗಿ, ದಕ್ಷಿಣದ ಬಂದರುಗಳಿಗೆ ಉತ್ತರದವರು ದಿಗ್ಬಂಧನ ಹಾಕಿದರು. ಲ್ಯಾಂಕಶೈರಿನ ಗಿರಣಿಗಳು ಒಂದೊಂದಾಗಿ ನಿಂತವು. ಆಗ ಹೇವುಡ್ ಎಂಬ ಮ್ಯಾಂಚೆಸ್ಟರಿನ ಪ್ರತಿನಿಧಿ ಇಲ್ಲಿಗೆ ಬಂದು ಹತ್ತಿ ಸೀಮೆ ಸುತ್ತಿದ. ಎಲ್ಲರೂ ಬೆರಳು ತೋರಿಸಿದ್ದು ಒಂದೇ ಜಾಗಕ್ಕೆ: ಕಾಳಿ ನದಿ ಕಡಲು ಸೇರುವಲ್ಲಿ, ಸದಾಶಿವಗಡದ ಎದುರಿನ ಕಾರವಾರದ ಕೊಲ್ಲಿ. ಕುಮಟಾದ ಹಾಗಲ್ಲ, ಗುಡ್ಡ, ದ್ವೀಪಗಳ ಮರೆಯಿರುವ ಆಳದ ನೀರು. ಮ್ಯಾಂಚೆಸ್ಟರಿನವರು ಲಂಡನ್ನಿನಲ್ಲಿ ಭಾರತ ಮಂತ್ರಿ ಸರ್ ಚಾರ್ಲ್ಸ್ ವುಡ್ ಮೇಲೆ ಒತ್ತಡ ಹಾಕಿದರು. ನಲವತ್ತು ವರ್ಷ ಅಲ್ಲಾಡದ ಗೆರೆ ಈಗ ಅಲ್ಲಾಡಿತು. ಕೆನರಾವನ್ನು ಎರಡಾಗಿ ಸೀಳಿ, ದಕ್ಷಿಣದ ಪಾಲನ್ನು ಮದರಾಸಿಗೇ ಬಿಟ್ಟು, 1862ರಲ್ಲಿ ಉತ್ತರ ಕೆನರಾವನ್ನು ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ಜಿಲ್ಲೆಯ ಕೇಂದ್ರ ಹೊನ್ನಾವರದಿಂದ ಕಾರವಾರಕ್ಕೆ ಬಂತು.

ನಮ್ಮ ಉತ್ತರ ಕನ್ನಡ, ದಕ್ಷಿಣ ಕನ್ನಡ ಎಂಬ ಹೆಸರುಗಳ ಹಿಂದೆ ಹತ್ತಿಯ ಅಂಡಿಗೆ ಇದೆ ಎಂದು ಶಾಲೆಯಲ್ಲಿ ನನಗೆ ಯಾರೂ ಹೇಳಲಿಲ್ಲ. ಕುಂದಾಪುರದವರಿಗೂ ಭಟ್ಕಳದವರಿಗೂ ನಡುವೆ ಸುಮಾರು ನೂರು ವರ್ಷ ಪ್ರಾಂತದ ಗಡಿ ಹಾಯ್ದದ್ದು, ಒಬ್ಬರ ಮಕ್ಕಳು ಓದಲು ಮದರಾಸಿಗೂ ಇನ್ನೊಬ್ಬರ ಮಕ್ಕಳು ಮುಂಬಯಿ, ಪುಣೆಗೂ ಹೋದದ್ದು, ಇಲ್ಲಿನ ಠಾಕುರ್ಲಿ, ಡೊಂಬಿವಲಿಯ ಕನ್ನಡಿಗರಲ್ಲಿ ಕುಮಟಾ, ಅಂಕೋಲೆಯ ಕಡೆಯವರು ಇಷ್ಟೊಂದು ಸಿಗುವುದು, ಇವೆಲ್ಲದರಲ್ಲಿ ಆ ಗೆರೆಯ ಕೈವಾಡ ಸ್ವಲ್ಪವಾದರೂ ಇದೆ.

ಪಶ್ಚಿಮ ಆಫ್ರಿಕದಲ್ಲಿ ಫ್ರೆಂಚರು ಇದೇ ಕೆಲಸವನ್ನು ಇನ್ನೂ ಒರಟಾಗಿ ಮಾಡಿದರು. ಮಾಲಿಯ ನೆರೆಯ ಬುರ್ಕಿನಾ ಫಾಸೊ ಆಗ ಅಪ್ಪರ್ ವೋಲ್ಟಾ ಎಂಬ ವಸಾಹತು. ಅದಕ್ಕೂ ಕಡಲಿಲ್ಲ. 1932ರಲ್ಲಿ ಫ್ರೆಂಚರು ಆ ವಸಾಹತನ್ನೇ ರದ್ದು ಮಾಡಿ ಐವರಿ ಕೋಸ್ಟ್, ಫ್ರೆಂಚ್ ಸುಡಾನ್ (ಇವತ್ತಿನ ಮಾಲಿ), ನೈಜರ್‌ಗಳಿಗೆ ಹಂಚಿದರು. ಐವರಿ ಕೋಸ್ಟಿನ ತೋಟಗಳಿಗೆ ಕೂಲಿಗಳು ಬೇಕಾಗಿತ್ತು, ಮಾಲಿಯಲ್ಲಿ ನೈಜರ್‌ ನದಿಯ ನೀರು ತಿರುಗಿಸಿ ಹತ್ತಿ ಬೆಳೆಯುವ ಸರ್ಕಾರಿ ಯೋಜನೆಗೆ ಆಳುಗಳು ಬೇಕಾಗಿತ್ತು. 1947ರಲ್ಲಿ ಮತ್ತೆ ಅದೇ ವಸಾಹತನ್ನು ಜೋಡಿಸಿದರು. ಹದಿನೈದು ವರ್ಷ ಒಂದು ದೇಶ ಭೂಪಟದಲ್ಲಿ ಇರಲೇ ಇಲ್ಲ.

ಕಾರವಾರಕ್ಕೆ ಮರಳೋಣ. ಗೆರೆ ಬದಲಾದ ಮೇಲೂ ರಸ್ತೆ ತಾನಾಗಿ ಆಗುವುದಿಲ್ಲ. ಮ್ಯಾಂಚೆಸ್ಟರಿನವರು ಪ್ರೆಸ್ಸು, ಜಿನ್ನುಗಳನ್ನು ಹಡಗಿನಲ್ಲಿ ತಂದಾಗ ಅವನ್ನು ಇಳಿಸಿಕೊಳ್ಳುವ ಧಕ್ಕೆಯೂ ಸರಿಯಿರಲಿಲ್ಲ, ಮೇಲೆ ಸಾಗಿಸುವ ಘಟ್ಟದ ರಸ್ತೆಯೂ ಮುಗಿದಿರಲಿಲ್ಲ. ಸರ್ಕಾರ ರಸ್ತೆ ಮಾಡಲಿ ಎಂದು ಕಂಪನಿ ಕಾಯಿತು, ಕಂಪನಿ ಹತ್ತಿ ಕೊಳ್ಳಲಿ ಎಂದು ಸರ್ಕಾರ ಕಾಯಿತು. ಕೆಲವೇ ವರ್ಷಗಳಲ್ಲಿ ಕಂಪನಿ ಬಾಗಿಲು ಹಾಕಿತು. ಇತ್ತ ಲಿವರ್‌ಪೂಲಿನ ಬೆಲೆ ಹುಚ್ಚಾಗಿ ಏರಿ, ಕಸ, ಕಾಳು, ನೀರು ಬೆರೆಸಿದ ಹತ್ತಿಯೂ ಚಿನ್ನದ ಹಾಗೆ ಮಾರುತ್ತಿತ್ತು. ಕಲಬೆರಕೆ ತಡೆಯಲು ಮುಂಬಯಿ ಸರ್ಕಾರ 1863ರಲ್ಲಿ ಕಾಯಿದೆಯನ್ನೇ ತಂದಿತು. 1865ರಲ್ಲಿ ಅಮೆರಿಕದ ಯುದ್ಧ ಮುಗಿಯಿತು, ಬೆಲೆ ಕುಸಿಯಿತು, ಮುಂಬಯಿಯ ಶೇರುಪೇಟೆ ಅದರೊಂದಿಗೆ ಬಿದ್ದದ್ದು ಎಲ್ಲರಿಗೂ ಗೊತ್ತಿರುವ ಕಥೆ. ಕಾರವಾರದ ರಸ್ತೆಗಳು ಪೂರ್ತಿಯಾಗಿ ಬಳಕೆಗೆ ಬರುವ ಹೊತ್ತಿಗೆ ಅವಸರ ಮುಗಿದುಹೋಗಿತ್ತು.

ರಸ್ತೆಯಿಂದ ಉಪಯೋಗವೇ ಆಗಲಿಲ್ಲ ಎಂದು ಹೇಳುತ್ತಿಲ್ಲ. ಎತ್ತಿನ ಬೆನ್ನಿನ ಹೇರಿಗಿಂತ ಚಕ್ಕಡಿಯ ಹೇರು ಎಷ್ಟೋ ಅಗ್ಗ. ಅರಳೆಯೂ ಸ್ವಚ್ಛವಾಗಿ ಬಂದರು ಮುಟ್ಟುತ್ತಿತ್ತು. ಲಂಬಾಣಿಗಳ ಬದುಕು ಮಾತ್ರ ಮಗುಚಿತು, ಚಕ್ಕಡಿ ಬಂದಲ್ಲಿ ಹೇರೆತ್ತಿಗೆ ಕೆಲಸವಿಲ್ಲ. ಆದರೆ ಚಕ್ಕಡಿಯ ರಸ್ತೆಗೆ ಒಂದು ದೌರ್ಬಲ್ಯವಿತ್ತು, ಅದು ಕಂಡದ್ದು 1876-78ರ ಬರಗಾಲದಲ್ಲಿ. ಧಾರವಾಡ ಆ ಬರಕ್ಕೆ ತೀವ್ರವಾಗಿ ತುತ್ತಾದ ಜಿಲ್ಲೆಗಳಲ್ಲಿ ಒಂದು. ಕಡಲ ಮೇಲೆ ಧಾನ್ಯ ತರಬಹುದು, ಘಟ್ಟ ಹತ್ತಿಸಲು ಎತ್ತು ಬೇಕು. ಎತ್ತಿಗೆ ಮೇವು ಬೇಕು. ಮಳೆ ಹೋದಾಗ ಜೋಳದ ಜೊತೆ ಮೇವೂ ಹೋಗಿತ್ತು. ಅನ್ನ ಯಾವಾಗ ಹೆಚ್ಚು ಬೇಕೋ ಆಗಲೇ ಅನ್ನ ತರುವ ದಾರಿ ಸಾಯುತ್ತದೆ.

ಇದನ್ನು ಓದುತ್ತಿದ್ದ ಅದೇ ವಾರಗಳಲ್ಲಿ ಬಮಾಕೊದ ಸುದ್ದಿ ಬರುತ್ತಿತ್ತು. 2025ರ ಸೆಪ್ಟೆಂಬರಿನಿಂದ ಅಲ್ಲಿನ ಜಿಹಾದಿ ಪಡೆಗಳು ಸೆನೆಗಲ್, ಐವರಿ ಕೋಸ್ಟ್‌ ಕಡೆಯಿಂದ ಬರುವ ಡೀಸೆಲ್, ಪೆಟ್ರೋಲ್ ಟ್ಯಾಂಕರುಗಳನ್ನು ದಾರಿಯಲ್ಲೇ ಸುಡತೊಡಗಿದವು. ಬಂಕುಗಳ ಮುಂದೆ ಮೋಟರ್‌ಸೈಕಲ್ಲುಗಳ ಸಾಲು, ಎರಡು ವಾರ ದೇಶದ ಶಾಲೆಗಳಿಗೆ ರಜೆ. ಇಂಧನ ತರುವ ಲಾರಿಗೂ ಇಂಧನ ಬೇಕು. ಧಾರವಾಡದ ಎತ್ತಿಗೆ ಮೇವು ಹೇಗೋ ಹಾಗೆ.

ಬರಗಾಲದ ಹೆಣಗಳ ಮೇಲೆ ರೈಲು ಬಂತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಸ್ಥಾಪನೆಯಾಯಿತು. ಆದರೆ ಹಳಿ ಯಾವ ಬಂದರಿಗೆ? ಹುಬ್ಬಳ್ಳಿ–ಕಾರವಾರ ರೈಲಿಗೆ 1870ರ ಸುಮಾರಿಗೇ ಸರ್ವೆ ಆಗಿತ್ತು, ಕಾರವಾರದವರು ಆಸೆಯಿಂದ ಕಾಯುತ್ತಿದ್ದರು. ಗೆದ್ದದ್ದು ಮರ್ಮಗೋವಾ. 1878ರ ಕೊನೆಯಲ್ಲಿ ಬ್ರಿಟಿಷರೂ ಪೋರ್ಚುಗೀಸರೂ ಒಂದು ಒಪ್ಪಂದ ಮಾಡಿಕೊಂಡು, ಗೋವೆಯ ಸುಂಕ, ಉಪ್ಪಿನ ವ್ಯವಸ್ಥೆಯನ್ನು ಬ್ರಿಟಿಷ್ ಇಂಡಿಯಾದೊಂದಿಗೆ ಒಂದಾಗಿಸಿದರು. ಬಂದರು ಮತ್ತು ಘಟ್ಟದ ರೈಲಿನ ಬಂಡವಾಳಕ್ಕೆ ಪೋರ್ಚುಗಲ್ ಖಾತ್ರಿ ಕೊಟ್ಟಿತು. 1888ರಲ್ಲಿ ಕ್ಯಾಸಲ್‌ರಾಕ್ ಘಟ್ಟ ಇಳಿದು ಹಳಿ ಕಡಲು ಮುಟ್ಟಿತು. ಹತ್ತಿಗಾಗಿ ಒಂದು ಜಿಲ್ಲೆಯನ್ನೇ ಪ್ರಾಂತದಿಂದ ಪ್ರಾಂತಕ್ಕೆ ಎತ್ತಿಟ್ಟ ಇಪ್ಪತ್ತಾರು ವರ್ಷದ ಮೇಲೆ, ಆ ಹತ್ತಿ ಪರದೇಶದ ಬಂದರಿಗೆ ಹೊರಟಿತು. ಕಾರವಾರ, ಕುಮಟಾ ಎರಡರ ವ್ಯಾಪಾರವೂ ಇಳಿಮುಖವಾಯಿತು. 1892ರಲ್ಲಿ ಸುಂಕದ ಒಪ್ಪಂದ ಮುರಿದು ಕ್ಯಾಸಲ್‌ರಾಕಿನಲ್ಲಿ ಸುಂಕದ ಕಟ್ಟೆ ಎದ್ದಿತು.

ಆ ಹೊತ್ತಿಗೆ ಬೆಳಗಾವಿ ಮೇಲೆ ಪುಣೆಗೂ ಹಳಿ ಕೂಡಿತ್ತು. ಪುಣೆಯಲ್ಲಿ ಸಣ್ಣ ಹಳಿಯಿಂದ ದೊಡ್ಡ ಹಳಿಗೆ ಅಂಡಿಗೆ ಬದಲಾಯಿಸಿ, ಬೋರ್ ಘಾಟ್ ಇಳಿಸಿ, ಕಲ್ಯಾಣದ ಮೇಲೆ ಮುಂಬಯಿಗೆ. ಕಲ್ಯಾಣದವರೆಗೆ ಈ ಹಳಿ 1854ರಲ್ಲೇ ಬಂದಿತ್ತು. ಬೋರ್ ಘಾಟ್ 1863ರಲ್ಲಿ, ಥಳ್ ಘಾಟ್ 1865ರಲ್ಲಿ ತೆರೆದವು. ವರ್ಹಾಡದ ಹತ್ತಿ ಒಂದು ಘಾಟಿನಿಂದ, ದಖ್ಖನಿನದು ಇನ್ನೊಂದರಿಂದ ಇಳಿದು ಕಲ್ಯಾಣದಲ್ಲಿ ಕೂಡುತ್ತಿತ್ತು. ಧಾರವಾಡದ ಹತ್ತಿಯೂ ಕೊನೆಗೆ ಆ ಸಾಲಿಗೇ ಸೇರಿತು. ಕಲ್ಯಾಣ ಬಿಟ್ಟರೆ ಮುಂದಿನ ಸ್ಟೇಷನ್ ಠಾಕುರ್ಲಿ. ನಾನು ಕೂತು ಇದನ್ನು ಟೈಪು ಮಾಡುವ ಕಿಟಕಿಯ ಕೆಳಗೆ ಅದೇ ಮಾರ್ಗ. ರಾತ್ರಿ ಲೋಕಲ್ಲುಗಳು ನಿಂತ ಮೇಲೆ ಗೂಡ್ಸುಗಳು ಹಾದುಹೋಗುತ್ತವೆ. ಡಬ್ಬಿಯೊಳಗೇನಿದೆ ಎಂದು ಈಗ ಕಾಣಿಸುವುದಿಲ್ಲ, ಡಬ್ಬಿಯ ಮೇಲೆ 'ಕುಮ್ಟಾ' ಎಂಬಂಥ ಊರಿನ ಹೆಸರಂತೂ ಇರುವುದಿಲ್ಲ.

ಗೋವೆಯ ದಾರಿಯ ಕೊನೆಯ ಅಧ್ಯಾಯ 1955ರದು. ಗೋವಾ ಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿದ ಮೇಲೆ ಭಾರತ ಸರ್ಕಾರ ಗಡಿ ಮುಚ್ಚಿತು, ಕ್ಯಾಸಲ್‌ರಾಕ್ ದಾಟುವ ರೈಲು ನಿಂತಿತು. ಗೋವಾ ವಿಮೋಚನೆಯಾದ 1961ರವರೆಗೆ ಹುಬ್ಬಳ್ಳಿಯಿಂದ ಹಳಿಯ ಮೇಲೆ ಅತಿ ಹತ್ತಿರದ ಬಂದರು ಬೀಗ ಹಾಕಿಕೊಂಡಿತ್ತು. ಅದು ನ್ಯಾಯವಾದ ಕಾರಣಕ್ಕೇ. ಆದರೂ ಒಂದು ಬಂದರಿನ ಬೀಗದ ಕೈ ಎಷ್ಟು ಸುಲಭವಾಗಿ ತಿರುಗುತ್ತದೆ ನೋಡಿ.

ಮಾಲಿಯಲ್ಲಿ ಅದು ಮೂರು ಬಾರಿ ತಿರುಗಿದೆ. ಫ್ರೆಂಚರು 1881ರಿಂದ ತುಂಡು ತುಂಡಾಗಿ ಹಾಕಿದ ಡಾಕಾರ್–ನೈಜರ್ ರೈಲು 1920ರ ದಶಕದಲ್ಲಿ ಪೂರ್ತಿಯಾಗಿ, ಮಾಲಿಯ ನೆಲಗಡಲೆ, ಹತ್ತಿ ಡಾಕಾರಿಗೆ ಇಳಿಯುತ್ತಿದ್ದವು. 1960ರ ಜೂನ್‌ನಲ್ಲಿ ಸೆನೆಗಲ್ ಮತ್ತು ಮಾಲಿ ಒಂದೇ ಒಕ್ಕೂಟವಾಗಿ ಸ್ವತಂತ್ರವಾದವು. ಎರಡು ತಿಂಗಳಿಗೇ ಜಗಳವಾಗಿ ಬೇರೆಯಾದವು. ಸಿಟ್ಟಿನಲ್ಲಿ ಮಾಲಿಯೇ ಗಡಿಯಲ್ಲಿ ರೈಲು ನಿಲ್ಲಿಸಿತು, 1963ರವರೆಗೆ ಸರಕನ್ನು ದಕ್ಷಿಣದ ಅಬಿಜಾನ್‌ ಕಡೆ ಸುತ್ತುದಾರಿಯಲ್ಲಿ ಸಾಗಿಸಿತು. 2002ರಲ್ಲಿ ಐವರಿ ಕೋಸ್ಟಿನಲ್ಲಿ ಅಂತರ್ಯುದ್ಧ ಆರಂಭವಾಗಿ ಆ ದಾರಿಯೂ ಕಟ್ಟಿತು. 2022ರ ಜನವರಿಯಲ್ಲಿ, ಬಮಾಕೊದ ಸೈನಿಕ ಸರ್ಕಾರ ಚುನಾವಣೆ ಮುಂದೂಡಿದ್ದಕ್ಕೆ ನೆರೆಹೊರೆಯ ದೇಶಗಳ ಒಕ್ಕೂಟವೇ ಗಡಿ ಮುಚ್ಚಿತು. ಆರು ತಿಂಗಳು ಮಾಲಿ ಉಸಿರಾಡಿದ್ದು ಒಕ್ಕೂಟದ ಮಾತು ಕೇಳದ ಗಿನಿ ಮತ್ತು ಒಕ್ಕೂಟದಲ್ಲಿಲ್ಲದ ಮಾರಿಟೇನಿಯಾದ ಬಂದರುಗಳ ಮೂಲಕ. 1982ರ ಕಡಲ ಕಾನೂನಿನ ಅಂತರರಾಷ್ಟ್ರೀಯ ಒಡಂಬಡಿಕೆ ಇಂಥ ದೇಶಗಳಿಗೆ ಕಡಲಿಗೆ ಹೋಗಿಬರುವ ಹಕ್ಕು ಇದೆ ಎನ್ನುತ್ತದೆ. ಹೇಗೆ, ಯಾವ ಷರತ್ತಿನ ಮೇಲೆ ಎನ್ನುವುದನ್ನು ನೆರೆಯವರೊಂದಿಗೆ ಮಾತಾಡಿ ತೀರ್ಮಾನಿಸಿಕೊಳ್ಳಿ ಎಂದೂ ಅದೇ ಹೇಳುತ್ತದೆ.

ಇಷ್ಟರ ನಡುವೆ ಹತ್ತಿ ಬೆಳೆದವರ ಕೈಯಲ್ಲಿ ಏನಿತ್ತು? ದಾರಿ ಅವರದಲ್ಲ, ಬಂದರು ಅವರದಲ್ಲ, ಬೆಲೆ ಅವರದಲ್ಲ. ಧಾರವಾಡದ ಸೀಮೆಯಲ್ಲಿ ಅವರು ಹಿಡಿದದ್ದು ದಾರಿಯ ಈ ತುದಿಯನ್ನು, ಅಂದರೆ ಸಾಲ ಮತ್ತು ತೂಕವನ್ನು. 1905ರಲ್ಲಿ ಗದಗದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದ್ದನ್ನು ನಾವು ಸಹಕಾರ ಚಳವಳಿಯ ಮೊದಲ ಪುಟವಾಗಿ ಓದುತ್ತೇವೆ. ಅದು ಹತ್ತಿ ಸೀಮೆಯ ನಟ್ಟನಡುವೆ ಹುಟ್ಟಿದ್ದು ಆಕಸ್ಮಿಕ ಎಂದು ನನಗನಿಸುವುದಿಲ್ಲ. ಮುಂದಿನ ದಶಕದಲ್ಲಿ ಹುಬ್ಬಳ್ಳಿ, ಗದಗಗಳಲ್ಲಿ ಹತ್ತಿ ಮಾರಾಟದ ಸಂಘಗಳೇ ಬಂದವು. ಅರಳೆಯನ್ನು ದರ್ಜೆ ಮಾಡಿ, ಒಟ್ಟಿಗೆ ಸವಾಲು ಹಾಕಿ ಮಾರಿದರೆ ಅಡತಿಯವನ ಕೈಚಳಕ ಸ್ವಲ್ಪವಾದರೂ ಕಡಿಮೆಯಾಗುತ್ತದೆ. ಲಿವರ್‌ಪೂಲಿನ ಬೆಲೆಯನ್ನು ಬದಲಿಸಲಾಗದಿದ್ದರೂ ಕಳೆಯುವ ಲೆಕ್ಕದಲ್ಲಿ ಕೊನೆಯ ಒಂದೆರಡು ಸಾಲುಗಳನ್ನು ತಿದ್ದಬಹುದು.

ಮಾಲಿಯ ರೈತರು ಹಿಡಿದದ್ದು ಇನ್ನೂ ಹತಾಶವಾದ ಹಿಡಿತ. ಅಲ್ಲಿ 1974ರಿಂದ ಬೀಜ, ಗೊಬ್ಬರ, ಖರೀದಿ ಎಲ್ಲ ಒಂದೇ ಸರ್ಕಾರಿ ಹತ್ತಿ ಕಂಪನಿಯ ಕೈಯಲ್ಲಿತ್ತು. ಬೆಲೆ ಇಳಿದು ಸಾಲ ಏರಿದಾಗ, 2000ದ ಬಿತ್ತನೆಗೆ ಸಿಕಾಸೊ, ಕುಟಿಯಾಲಾದ ಕಡೆ ಸಾವಿರಾರು ರೈತರು ಹತ್ತಿಯನ್ನೇ ಹಾಕಲಿಲ್ಲ. ಆ ವರ್ಷದ ಬೆಳೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಸರ್ಕಾರ ಮಾತುಕತೆಗೆ ಬಂತು, ಮರುವರ್ಷ ಬೆಲೆ ಏರಿಸಿತು. 2003ರಲ್ಲಿ ಮೆಕ್ಸಿಕೋದ ಕಾನ್‌ಕುನ್‌ನಲ್ಲಿ ವಿಶ್ವ ವ್ಯಾಪಾರ ಸಂಘಟನೆಯ ಸಭೆಯಲ್ಲಿ ಮಾಲಿ, ಬುರ್ಕಿನಾ ಫಾಸೊ, ಚಾಡ್, ಬೆನಿನ್ ಒಟ್ಟಾಗಿ, ಅಮೆರಿಕ ತನ್ನ ಹತ್ತಿ ಬೆಳೆಗಾರರಿಗೆ ಕೊಡುವ ಸಬ್ಸಿಡಿಯಿಂದ ನಮ್ಮ ಬೆಲೆ ಸಾಯುತ್ತಿದೆ ಎಂದು ದೂರಿದವು. ನಾಲ್ಕರಲ್ಲಿ ಮೂರಕ್ಕೆ ಕಡಲಿಲ್ಲ. 1861ರಲ್ಲಿ ಅಮೆರಿಕದ ಯುದ್ಧ ಧಾರವಾಡದ ಬೆಲೆ ಏರಿಸಿತ್ತು, ಇಲ್ಲಿ ಅಮೆರಿಕದ ಶಾಂತಿಕಾಲದ ಖಜಾನೆ ಸಿಕಾಸೊದ ಬೆಲೆ ಇಳಿಸಿತು. ಸಭೆ ಒಪ್ಪಂದವಿಲ್ಲದೆ ಮುರಿಯಿತು. ಇವತ್ತು ಮಾಲಿಯ ರಫ್ತಿನಲ್ಲಿ ಚಿನ್ನ ಮುಂದಿದೆ, ಹತ್ತಿ ಅದರ ಹಿಂದೆ. ಹತ್ತಿಯ ಬಹುಪಾಲು ನೂಲಾಗದೆ ಅರಳೆಯಾಗಿಯೇ ದೇಶ ಬಿಡುತ್ತದೆ.

1956ರಲ್ಲಿ ಧಾರವಾಡವೂ ಕಾರವಾರವೂ ಮಂಗಳೂರೂ ಒಂದೇ ರಾಜ್ಯಕ್ಕೆ ಸೇರಿದವು, ಕಡಲಿಲ್ಲದ ಮೈಸೂರಿಗೂ ಕಡಲು ಸಿಕ್ಕಿತು. ಎಲ್ಲ ಗೆರೆಗಳೂ ಅಳಿಸಿದವು. ಹುಬ್ಬಳ್ಳಿಯಿಂದ ಅಂಕೋಲೆಗೆ ರೈಲು 1990ರ ದಶಕದ ಕೊನೆಯಲ್ಲಿ ಮಂಜೂರಾಗಿ ಇನ್ನೂ ಕಾಡಿನ ಅಂಚಿನಲ್ಲಿ, ಕೋರ್ಟಿನ ಕಟಕಟೆಯಲ್ಲಿ ನಿಂತಿದೆ. ಈ ಸಲ ತಡೆದಿರುವುದು ಗಡಿಯಲ್ಲ, ಉಳಿಸಿಕೊಳ್ಳಬೇಕಾದ ಕಾಡು. ನನ್ನ ಮನಸ್ಸು ಕಾಡಿನ ಕಡೆಗೇ ಇದೆ, ಹುಬ್ಬಳ್ಳಿಯ ಬಂಧುಗಳು ಇದನ್ನು ಓದಿ ಜಗಳಕ್ಕೆ ಬಂದರೂ.

ಹನ್ನೆರಡು ಪುಟದ ಆ ಅನುವಾದದಲ್ಲಿ ಮೊದಲ ವಾಕ್ಯವನ್ನು ನಾನು ‘ನೆರೆಯವರ ನೆಲ ದಾಟಿಯೇ ಕಡಲು ಮುಟ್ಟಬೇಕಾದ ದೇಶ’ ಎಂದು ಬರೆದು ಕಳಿಸಿದೆ. ಒಂದು ಪದಕ್ಕೆ ಆರು ಪದ. ಅಚ್ಚಿನ ಪ್ರತಿಯಲ್ಲಿ ಅದು ‘ಭೂಆವೃತ ದೇಶ’ ಎಂದು ತಿದ್ದಿ ಬಂತು. ಜಾಗ ಸಾಲದು ಎಂದರು.